ಸುಟ್ಟರೂ ಉಳಿದ ಕಾರ್ಡುಗಳು

ಡೇಟಾ ಟೀಮಿನ ಮೀಟಿಂಗುಗಳಲ್ಲಿ ನಾನು ಪದೇಪದೇ ಕೇಳುವ ಮಾತು: "ಈ ಕಾಲಮ್ಮೂ ಇರಲಿ ಬಿಡಿ, ಮುಂದೆ ಯಾವುದಕ್ಕಾದರೂ ಬೇಕಾಗುತ್ತೆ." ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥದೊಂದು ಕಾಲಮ್ಮು ಯಾವುದಕ್ಕೆ ಬೇಕಾಯಿತು ಅನ್ನೋದನ್ನ ಹೇಳಬೇಕು. ಅಲ್ಲಿ ಕಂಪ್ಯೂಟರ್ ಇರಲಿಲ್ಲ, ಇದ್ದದ್ದು ಬರೀ ರಟ್ಟಿನ ಕಾರ್ಡು.

1936ರ ಆದೇಶದಂತೆ ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರ್ಡು ಬಂತು. ಹುಟ್ಟು, ಮದುವೆ, ವಿಳಾಸ, ಜೊತೆಗೆ ಧರ್ಮ. ಊರು ಬಿಟ್ಟರೆ ಕಾರ್ಡೂ ಹೊಸ ಊರಿಗೆ ಹೋಗುತ್ತಿತ್ತು. ಇದರ ಹಿಂದಿದ್ದ ಅಧಿಕಾರಿ ಯಾಕೋಬ್ ಲೆಂಟ್ಸ್, ಭಾರೀ ಅಚ್ಚುಕಟ್ಟಿನ ಮನುಷ್ಯ. ಧರ್ಮದ ಕಾಲಮ್ಮನ್ನು ಯಾರೂ ದ್ವೇಷದಿಂದ ಸೇರಿಸಿರಲಿಲ್ಲ. ಶಾಲೆ, ಪತ್ರಿಕೆ, ಸಂಘ ಎಲ್ಲವೂ ಪಂಗಡವಾರು ಇದ್ದ ನಾಡಿನಲ್ಲಿ ಅದು ಮಾಮೂಲಿ ಮಾಹಿತಿ.

1940ರ ಮೇ ತಿಂಗಳಲ್ಲಿ ಜರ್ಮನ್ನರು ಬಂದರು. ಲೆಂಟ್ಸ್ ಅವರಿಗಾಗಿ ನಕಲು ಮಾಡಲು ತೀರಾ ಕಷ್ಟವಾದ ಗುರುತಿನ ಚೀಟಿ ಮಾಡಿಕೊಟ್ಟ. ಯೆಹೂದಿಗಳ ಚೀಟಿ ಮೇಲೆ 'ಜೆ' ಮುದ್ರೆ ಬಿತ್ತು. ಹೆಸರು ನೋಂದಾಯಿಸಿ ಅಂದಾಗ ಬಹುತೇಕ ಎಲ್ಲರೂ ನೋಂದಾಯಿಸಿದರು. ಪುರಸಭೆಗೆ ಮೊದಲೇ ಗೊತ್ತಿರುವಾಗ ಮುಚ್ಚಿಡೋದೇನು? ಸುಮಾರು 1,40,000 ಯೆಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು, ನಾಲ್ವರಲ್ಲಿ ಮೂವರು. ಫ್ರಾನ್ಸಿನಲ್ಲಿ ಈ ಲೆಕ್ಕ ನಾಲ್ವರಲ್ಲಿ ಒಬ್ಬರು. ಕಾರ್ಡೊಂದೇ ಕಾರಣ ಅಲ್ಲ. ಅಡಗಲು ಗುಡ್ಡ-ಕಾಡಿಲ್ಲದ ಬಯಲು ನಾಡು ಅದು, ಸ್ಥಳೀಯ ಪೊಲೀಸರೂ ಕೈಜೋಡಿಸಿದ್ದರು. ಆದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಹೇಳಿದ್ದು ಕಾರ್ಡು.

ತಲೆಮರೆಸಿಕೊಂಡವರಿಗೆ ಕಲಾವಿದರು ಸುಳ್ಳು ಚೀಟಿ ಮಾಡಿಕೊಡುತ್ತಿದ್ದರು. ಕಚೇರಿಯ ಕಾರ್ಡಿನ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತಿತ್ತು. ಹಾಗಾಗಿ ಕಚೇರಿಯನ್ನೇ ಸುಡಲು ಹೊರಟರು. 1943ರ ಮಾರ್ಚ್ 27ರ ರಾತ್ರಿ ಚಿತ್ರಕಾರ ವಿಲ್ಲೆಮ್ ಅರೊಂಡಿಯಸ್, ಶಿಲ್ಪಿ ಗೆರಿಟ್ ವಾನ್ ಡೆರ್ ವೇನ್ ಮತ್ತು ಸಂಗಡಿಗರು ಪೊಲೀಸ್ ವೇಷದಲ್ಲಿ ಆಮ್‌ಸ್ಟರ್‌ಡಾಮಿನ ನೋಂದಣಿ ಕಚೇರಿಗೆ ನುಗ್ಗಿದರು. ಕಾವಲುಗಾರರನ್ನು ಕೊಲ್ಲಲಿಲ್ಲ, ಇಂಜೆಕ್ಷನ್ ಕೊಟ್ಟು ಮಲಗಿಸಿ ಹೊರಗೆ ಸಾಗಿಸಿದರು. ಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಅಗ್ನಿಶಾಮಕದವರು ಬೇಕಂತಲೇ ನಿಧಾನ ಮಾಡಿ, ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಸುರಿದರಂತೆ. (ಎಂಥಾ ಪುಣ್ಯಾತ್ಮರು!) ಇಷ್ಟಾದರೂ ನಾಶವಾಗಿದ್ದು ನೂರಕ್ಕೆ ಸುಮಾರು 15 ಪಾಲು. ಒತ್ತಾಗಿ ಜೋಡಿಸಿದ ರಟ್ಟು ಸುಲಭಕ್ಕೆ ಉರಿಯಲ್ಲ. ಅರೊಂಡಿಯಸ್ ಸೇರಿ 12 ಜನರನ್ನು ಜುಲೈ 1ರಂದು ಗುಂಡಿಟ್ಟು ಕೊಂದರು.

ಇಷ್ಟು ಸಾಲದು ಅಂತ ಬ್ಯಾಕಪ್ ಬೇರೆ ಇತ್ತು. ಗುರುತಿನ ಚೀಟಿಗಳ ಪ್ರತಿಗಳು ಹೇಗ್ ನಗರದ ಕ್ಲೈಕಾಂಪ್ ಎಂಬ ಕಟ್ಟಡದಲ್ಲಿದ್ದವು. ಅದನ್ನು ಅಳಿಸಲು 1944ರ ಏಪ್ರಿಲ್ 11ರಂದು ಬ್ರಿಟಿಷರ ಆರು ವಿಮಾನಗಳು ಬಂದು ಬಾಂಬು ಹಾಕಬೇಕಾಯಿತು. ಅದೂ ಹಾಡಹಗಲಲ್ಲಿ, ಕಚೇರಿ ನಡೆಯುತ್ತಿದ್ದಾಗ; ಬೀರುಗಳು ತೆರೆದಿದ್ದರೆ ತಾನೇ ಕಾಗದ ಸುಡೋದು. ಸುಮಾರು 60 ಜನ ಸತ್ತರು. ಅವರಲ್ಲಿ ಆ ಹೊತ್ತಿಗೆ ಕೆಲಸದಲ್ಲಿದ್ದ ಗುಮಾಸ್ತರೂ ಇದ್ದರು.