ಮಾತು ಹೆಸರಾಗುವ ಬಗೆ

ಚನ್ನಪಟ್ಟಣವನ್ನು ದಾಟಿ ಮೈಸೂರಿನ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ದೊಡ್ಡಮಳೂರು ಸಿಗುತ್ತದೆ. ಅಲ್ಲಿನ ಅಪ್ರಮೇಯಸ್ವಾಮಿಯ ದೇವಾಲಯವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅಪ್ರಮೇಯನೆಂದರೆ ಅಳತೆಗೆ ಸಿಕ್ಕದವನು. ಅಮ್ಮನವರು ಅರವಿಂದವಲ್ಲಿ, ಎಂದರೆ ತಾವರೆಯ ಬಳ್ಳಿ. ಅದೇ ಗುಡಿಯಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದ ಪುಟ್ಟ ಕೃಷ್ಣನಿದ್ದಾನೆ. ಎಲ್ಲ ಮಕ್ಕಳೂ ಇಡುವ ಅಂಬೆಗಾಲೇ ಅವನ ಹೆಸರಿಗೆ ಸೇರಿ ಅವನು ಅಂಬೆಗಾಲು ಕೃಷ್ಣನಾಗಿದ್ದಾನೆ. ಸಂತಾನವನ್ನು ಬಯಸಿ ಬಂದವರು ಇಲ್ಲಿ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುವುದು ವಾಡಿಕೆ.

ಹರಕೆ ಫಲಿಸಿ ಮನೆಯ ತೊಟ್ಟಿಲಿಗೆ ಮಗು ಬಂತೆನ್ನಿ. ಆಗ ಹುಟ್ಟುವುದು ಹೆಸರಿನ ಚರ್ಚೆ. ಹೆಣ್ಣು ಮಗುವಾದರೆ ಚರ್ಚೆ ಇನ್ನೂ ಜೋರು. ಗ್ರೇಸ್, ಜಾಯ್, ಪರ್ಲ್ ಎಂಬ ಇಂಗ್ಲಿಷ್ ಮಾತೊಂದನ್ನು ಇಡೋಣವೆಂದು ಹರೆಯದ ತಂದೆತಾಯಿಗಳು ಹೇಳುತ್ತಾರೆ. ಅದು ಚಿಕ್ಕದು, ಯಾವ ದೇಶಕ್ಕೆ ಹೋದರೂ ಉಚ್ಚರಿಸಲು ತೊಡಕಿಲ್ಲ ಎಂಬುದು ಅವರ ವಾದ. ಅದು ಬರಿಯ ಪದಾರ್ಥದ ಮಾತು, ಹೆಸರೇ ಅಲ್ಲ ಎಂದು ಅಜ್ಜಿ ಮುನಿಸಿಕೊಳ್ಳುತ್ತಾರೆ. ಇವರಲ್ಲಿ ಯಾರ ಮಾತು ಸರಿ?

ಮೊದಲು ವ್ಯಾಕರಣವನ್ನು ಕೇಳೋಣ. ಹೂವು, ಮುತ್ತು, ನದಿ ಇವು ರೂಢನಾಮಗಳು. ಗುರುತಿಗಾಗಿ ಒಬ್ಬರಿಗೆ ಇಟ್ಟದ್ದು ಅಂಕಿತನಾಮ. ರೂಢನಾಮವು ಅಂಕಿತನಾಮವಾಗುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಹೂವಮ್ಮ, ಮುತ್ತಮ್ಮ, ರತ್ನಮ್ಮ ಎಲ್ಲರೂ ಹೀಗೆ ಬಂದವರೇ. ಮಾತು ಹೊರಗಿನದೆಂಬ ಆಕ್ಷೇಪವೂ ಬಹಳ ದೂರ ಸಾಗದು. 13ನೆಯ ಶತಮಾನದ ಕೇಶಿರಾಜನು ಸಂಸ್ಕೃತದ ಮಾತುಗಳು ಕನ್ನಡದಲ್ಲಿ ರೂಪ ತಾಳುವ ಬಗೆಯನ್ನು ಹೇಳಲು ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಗುಲಾಬಿ ಎಂಬುದು ಪಾರಸಿಯಿಂದ ಬಂದ ಮಾತು. ಅಲ್ಲಿ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಆದರೂ ನಮ್ಮ ಕರಾವಳಿಯ ಗುಲಾಬಿಯನ್ನು ಯಾರೂ ಪರದೇಶದವಳೆಂದು ಕರೆಯಲಿಲ್ಲ.

ಇಂಗ್ಲಿಷರ ಕಡೆಗೂ ಒಮ್ಮೆ ನೋಡಿ. 16 ಮತ್ತು 17ನೆಯ ಶತಮಾನಗಳಲ್ಲಿ ಅಲ್ಲಿಯ ಪ್ಯೂರಿಟನ್ ಪಂಥದವರು ಹೆಣ್ಣು ಮಕ್ಕಳಿಗೆ ಸದ್ಗುಣಗಳ ಹೆಸರುಗಳನ್ನೇ ಇಟ್ಟರು. ಫೇತ್, ಹೋಪ್, ಪೇಷೆನ್ಸ್ ಇಂಥವು. ಹೂವು ಮತ್ತು ರತ್ನಗಳ ಹೆಸರುಗಳಾದ ಡೈಸಿ, ರೂಬಿ, ಪರ್ಲ್ ಹೆಚ್ಚು ಬಳಕೆಗೆ ಬಂದುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಹೋಪ್ ಎಂದರೆ ನಮ್ಮ ಆಶಾ, ಪೇಷೆನ್ಸ್ ಎಂದರೆ ಸಹನಾ, ಪರ್ಲ್ ಎಂದರೆ ಮುತ್ತಮ್ಮ. ಅಜ್ಜಿಯ ಮುನಿಸು ಇಲ್ಲಿಗೆ ಅರ್ಧ ಇಳಿಯಬಹುದು.

ಉಳಿದರ್ಧಕ್ಕೆ ನಮ್ಮ ಸೀಮೆಯಲ್ಲೇ ಉದಾಹರಣೆಯುಂಟು. ದೊಡ್ಡಮಳೂರಿನಿಂದ ಅದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹಿಂದಿರುಗಿದರೆ ಬಿಡದಿ ಬರುತ್ತದೆ. ಅದರ ಬಳಿಯ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನರ ವಸತಿಯಿದೆ. ಅವರ ಮನೆಮಾತಾದ ವಾಗ್ರಿ, ಗುಜರಾತಿಗೆ ಹತ್ತಿರದ ನುಡಿ. ಹಕ್ಕಿ ಹಿಡಿದು ಅಲೆಯುತ್ತಿದ್ದ ಈ ಜನ ಕ್ರಮೇಣ ಊರುಗಳಲ್ಲಿ ನೆಲೆನಿಂತರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಹಳೆಯ ಬೇಟೆಯ ವೃತ್ತಿಗೂ ಎಡೆಯಿಲ್ಲವಾಯಿತು. ಅವರ ಮಕ್ಕಳ ಹೆಸರುಗಳು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿವೆ: ಕಾಫಿ, ಗ್ಲೂಕೋಸ್, ಹೈಕೋರ್ಟ್, ಮೈಸೂರ್ ಪಾಕ್, ಗೂಗಲ್. ಓದಿದವರು ನಕ್ಕರು. ಆದರೆ ಸ್ವಲ್ಪ ಯೋಚಿಸಿ. ಕಾಡಿನಿಂದ ಊರಿಗೆ ಬಂದವರ ಕಣ್ಣಿಗೆ ಹೊಸತಾಗಿ, ದೊಡ್ಡದಾಗಿ, ಸಿಹಿಯಾಗಿ ಕಂಡುದನ್ನೆಲ್ಲ ಅವರು ಮಕ್ಕಳಿಗೆ ಕೊಟ್ಟರು. ನಾವು ಮಗಳಿಗೆ ರತ್ನವೆಂದು ಹೆಸರಿಡುವುದೂ ಇದೇ ಮನಸ್ಸಿನಿಂದಲ್ಲವೆ?

ಇನ್ನು ಅಚ್ಚ ದೇಶೀಯ ಮಾತಾದ ಮಾತ್ರಕ್ಕೆ ಹೆಸರು ಒಳ್ಳೆಯದಾಗುತ್ತದೆಯೆ? ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಗಂಡು ಬೇಕೆಂದಿದ್ದ ಮನೆಗಳಲ್ಲಿ ಹೆಣ್ಣು ಹುಟ್ಟಿದರೆ ನಕುಸಾ ಎನ್ನುತ್ತಿದ್ದರು. ಬೇಡವಾದವಳು ಎಂದು ಅದರ ಅರ್ಥ. 2011ರಲ್ಲಿ ಅಲ್ಲಿ 285 ಹೆಣ್ಣು ಮಕ್ಕಳಿಗೆ ಸಮಾರಂಭ ನಡೆಸಿ ಹೊಸ ಹೆಸರುಗಳನ್ನು ಕೊಟ್ಟರು. ನಮ್ಮಲ್ಲಿಯೂ ಸಾಲಾಗಿ ಹೆಣ್ಣು ಹುಟ್ಟಿದಾಗ ಇನ್ನು ಸಾಕು ಎಂದು ಸಾಕಮ್ಮನೆಂಬ ಹೆಸರಿಟ್ಟ ಮನೆಗಳುಂಟು. ಆ ಹೆಸರನ್ನೇ ಗೌರವಕ್ಕೇರಿಸಿದವರೂ ಉಂಟು. ಬೆಂಗಳೂರಿನಲ್ಲಿ ಕಾಫಿ ಪುಡಿಯ ಉದ್ಯಮದಿಂದ ಹೆಸರಾದ ಡಿ. ಸಾಕಮ್ಮನವರನ್ನು ನೆನೆಯಿರಿ. ಅದು ಅವರ ಸಾಧನೆಯೇ ಹೊರತು ಆ ಮಾತಿನ ಪುಣ್ಯವಲ್ಲ. ಕಾಫಿ ಎಂದು ಮುದ್ದಿನಿಂದ ಕರೆಸಿಕೊಂಡ ಮಗು, ಅಚ್ಚ ಮರಾಠಿಯಲ್ಲಿ ಬೇಡವೆನಿಸಿಕೊಂಡ ಮಗುವಿಗಿಂತ ಭಾಗ್ಯವಂತೆಯೆಂದೇ ನಾನು ತಿಳಿಯುತ್ತೇನೆ.

ಹಾಗೆಂದು ಯಾವ ಮಾತಾದರೂ ಆದೀತು ಎಂದು ನಾನು ಹೇಳುತ್ತಿಲ್ಲ. ದಿನವೂ ತರಗತಿಯಲ್ಲಿ ಹಾಜರಿ ಕೂಗುವ ಉಪಾಧ್ಯಾಯನಾಗಿ ಒಂದು ಸಂಗತಿಯನ್ನು ಬಲ್ಲೆ. ಹೆಸರನ್ನು ಇಟ್ಟವರು ಒಮ್ಮೆ ಸಂತೋಷಪಡುತ್ತಾರೆ. ಹೊತ್ತವಳು ದಿನವೂ ಎದ್ದುನಿಂತು ಉತ್ತರ ಕೊಡಬೇಕು. ಅವಸರವೂ ಬೇಡ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹೆಸರನ್ನು ಆಮೇಲೆ ಸೇರಿಸಲು ಅವಕಾಶವುಂಟು. ಆ ನಡುವೆ ಮನೆಯವರೆಲ್ಲ ಕುಳಿತು, ಆ ಹೆಸರನ್ನು ತರಗತಿಯಲ್ಲಿ ಕೂಗುವಂತೆ ನಾಲ್ಕು ಸಲ ಗಟ್ಟಿಯಾಗಿ ಕೂಗಿ ನೋಡಲಿ.

ಕೊನೆಗೆ ಮತ್ತೆ ವ್ಯಾಕರಣದ ಮಾತು. ಕಾಫಿ ಬಂದಿತು ಎಂದರೆ ಅದು ಲೋಟದಲ್ಲಿರುವ ಕಾಫಿ. ಕಾಫಿ ಬಂದಳು ಎಂದರೆ ಅವಳು ನಮ್ಮ ಮಗಳು. ನಪುಂಸಕಲಿಂಗದ ಮಾತೊಂದು ಒಂದೇ ಪ್ರತ್ಯಯದಿಂದ ಹೆಣ್ಣಾಗಿ ಬಾಗಿಲಲ್ಲಿ ನಿಲ್ಲುತ್ತದೆ. ಹಾಗೆ ನಿಂತವಳನ್ನು ಒಳಗೆ ಕರೆಯಬೇಕೇ ಹೊರತು, ನಿನ್ನ ಹೆಸರು ಯಾವ ಭಾಷೆಯದೆಂದು ಕೇಳಿ ಹೊರಗೆ ನಿಲ್ಲಿಸಬಾರದು.