ಆವರಣದೊಳಗಿನ ‘ರೂರಲ್’: ಪಶ್ಚಿಮ ಕರಾವಳಿ–ನೀಲಗಿರಿ ಕ್ಷೇತ್ರದ ಹೆಸರನ್ನು ಕುರಿತು

ದಕ್ಷಿಣ ಕನ್ನಡ, ಮಲಬಾರ್, ನೀಲಗಿರಿ ಜಿಲ್ಲೆಗಳು ಒಟ್ಟಾಗಿ ದಿಲ್ಲಿಯ ಕೇಂದ್ರ ಶಾಸನಸಭೆಗೆ ಒಬ್ಬ ಸದಸ್ಯನನ್ನು ಕಳಿಸುತ್ತಿದ್ದ ಕ್ಷೇತ್ರವೊಂದಿತ್ತು. ಸಭೆಯ ನಡಾವಳಿಗಳಲ್ಲಿ ಸದಸ್ಯನ ಹೆಸರಿನ ಪಕ್ಕ, ಆವರಣದೊಳಗೆ, ಅದು ‘ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್: ನಾನ್-ಮಹಮ್ಮಡನ್ ರೂರಲ್’ ಎಂದು ಅಚ್ಚಾಗಿದೆ. ನನಗೆ ದಾಖಲೆ ಓದುವುದನ್ನು ಕಲಿಸಿದ ಹಿರಿಯರೊಬ್ಬರು ಇದನ್ನು ‘ಗ್ರಾಮೀಣ ಹಿಂದೂ ಕ್ಷೇತ್ರ’ ಎಂದು ಕನ್ನಡಿಸಿದರು. ಕರಾವಳಿಯ ಹಳ್ಳಿಗರು 1920ರಿಂದಲೇ ತಮ್ಮ ಪ್ರತಿನಿಧಿಯನ್ನು ದಿಲ್ಲಿಗೆ ಆರಿಸಿ ಕಳಿಸುತ್ತಿದ್ದರೆಂಬ ವಾದವನ್ನೂ ಅದರ ಮೇಲೆ ಕಟ್ಟಿದರು. ಅವರ ಋಣ ನನ್ನ ಮೇಲೆ ದೊಡ್ಡದು. ಆದರೂ ಆ ಅನುವಾದದಲ್ಲಿ ‘ಗ್ರಾಮೀಣ’ವೂ ತಪ್ಪು, ‘ಹಿಂದೂ’ವೂ ತಪ್ಪು. ಅವರ ಕಾಲಕ್ಕೆ ನಡಾವಳಿಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಅವನ್ನು ತೆರೆದೂ ನೋಡದೆ ಆ ಮಾತನ್ನೇ ನಕಲು ಮಾಡುತ್ತ ಬಂದ ಈಚಿನವರಿಗೆ ಆ ವಿನಾಯಿತಿ ಕೊಡಲಾರೆ.

ಮೊದಲು ‘ರೂರಲ್’. ಮದರಾಸು ಪ್ರಾಂತ್ಯಕ್ಕೆ ಕೇಂದ್ರ ಸಭೆಯಲ್ಲಿದ್ದ 16 ಚುನಾಯಿತ ಸ್ಥಾನಗಳಲ್ಲಿ ಮುಸ್ಲಿಮೇತರ ಸಾಮಾನ್ಯ ಸ್ಥಾನಗಳು 10. ಅವುಗಳಲ್ಲಿ ಮದರಾಸು ನಗರ ಒಂದೇ ‘ಅರ್ಬನ್’, ಉಳಿದ ಒಂಬತ್ತೂ ‘ರೂರಲ್’. ಹಾಗಾಗಿ ಮಂಗಳೂರು, ಕಲ್ಲಿಕೋಟೆ, ಊಟಿ, ಅತ್ತ ಬಳ್ಳಾರಿ, ಮದುರೆ, ತಿರುಚ್ಚಿ ಎಲ್ಲವೂ ರೂರಲ್. ಇನ್ನೂ ಸ್ಪಷ್ಟವಾದ ಸಾಕ್ಷಿ ಪ್ರಾಂತೀಯ ಶಾಸನ ಪರಿಷತ್ತಿನದು. ಕೇಂದ್ರ ಸಭೆಯ ಈ ಸ್ಥಾನಗಳಿಗೆ ಆಧಾರವಾದ 1919ರ ಕಾಯಿದೆಯಡಿಯೇ, ಆ ಪರಿಷತ್ತಿನ ಪಟ್ಟಿಯಲ್ಲಿ ಮದುರೆಗೂ ತಿರುಚ್ಚಿ–ಶ್ರೀರಂಗಕ್ಕೂ ಬೇರೆಯಾಗಿ ನಗರ ಕ್ಷೇತ್ರಗಳಿದ್ದವು. ಒಂದು ಪಟ್ಟಿಯಲ್ಲಿ ಅರ್ಬನ್ ಆದ ಊರು ಇನ್ನೊಂದು ಪಟ್ಟಿಯಲ್ಲಿ ರೂರಲ್ ಆಗಬೇಕಾದರೆ, ಆ ಪದ ಊರಿನ ಗುಣವನ್ನು ಹೇಳುತ್ತಿಲ್ಲ. ಪ್ರತ್ಯೇಕ ನಗರ ಸ್ಥಾನ ತೆಗೆದಿಟ್ಟ ಮೇಲೆ ಮಿಕ್ಕ ಪ್ರದೇಶ ಎಂದಷ್ಟೇ ಅದರ ಅರ್ಥ.

ಇದು ಸಾಲದೆನ್ನುವವರು ಮುಸ್ಲಿಂ ಕ್ಷೇತ್ರದ ಹೆಸರನ್ನು ನೋಡಬೇಕು. ಅದೇ ಮೂರು ಜಿಲ್ಲೆ, ಅದೇ ಗಡಿ. ಆದರೆ 1924ರಿಂದ 26ರವರೆಗಿನ ಸಭೆಯಲ್ಲಿದ್ದ ಕಾಸರಗೋಡಿನ ಮಹಮೂದ್ ಶಾಮ್ನಾಡರ ಹೆಸರಿನ ಪಕ್ಕ ‘ವೆಸ್ಟ್ ಕೋಸ್ಟ್ ಅಂಡ್ ನೀಲಗಿರೀಸ್: ಮಹಮ್ಮಡನ್’ ಎಂದಷ್ಟೇ ಇದೆ. ಅದೇ ಸಭೆಯಲ್ಲಿದ್ದ ಕೆ. ಸದಾಶಿವ ಭಟ್ಟರ ಹೆಸರಿನ ಪಕ್ಕದಲ್ಲಿ ‘ರೂರಲ್’ ಇದೆ. ಒಂದೇ ನೆಲ ಭಟ್ಟರಿಗೆ ಹಳ್ಳಿ, ಶಾಮ್ನಾಡರಿಗೆ ಮತ್ತೇನೋ ಆಗಲು ಸಾಧ್ಯವೆ? ಮದರಾಸಿನ ಮುಸ್ಲಿಮರಿಗಿದ್ದ ಮೂರು ಸ್ಥಾನಗಳಲ್ಲಿ ನಗರ ಸ್ಥಾನವೆಂಬುದೇ ಇರಲಿಲ್ಲ. ಎದುರಿಗೆ ‘ಅರ್ಬನ್’ ಇಲ್ಲದ ಕಡೆ ‘ರೂರಲ್’ ಎನ್ನುವ ಅಗತ್ಯವೂ ಬೀಳಲಿಲ್ಲ. ಅಚ್ಚಿನವರ ಕೈತಪ್ಪು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಉತ್ತರ ಮದರಾಸು, ದಕ್ಷಿಣ ಮದರಾಸು ಮುಸ್ಲಿಂ ಕ್ಷೇತ್ರಗಳ ಹೆಸರೂ ಹೀಗೆಯೇ ಇದೆ.

ಮತದಾರರಲ್ಲಿ ಜಮೀನುಳ್ಳವರು ಬಹಳ ಮಂದಿ ಇದ್ದರಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಅದು ಮತದಾನದ ಅರ್ಹತೆಯಿಂದ ಬಂದದ್ದು, ಕ್ಷೇತ್ರದ ಹೆಸರಿನಿಂದಲ್ಲ. ಆ ಅರ್ಹತೆ ಹಳ್ಳಿಗನಿಗೆ ಒದಗುವಂಥದೂ ಆಗಿರಲಿಲ್ಲ. ಕೇಂದ್ರ ಸಭೆಗೆ ಇಟ್ಟ ಆಸ್ತಿಯ ಮಟ್ಟ ಪ್ರಾಂತೀಯ ಪರಿಷತ್ತಿನದಕ್ಕಿಂತ ಮೇಲಿನದು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುತ್ತಿದ್ದವನು ವರ್ಗದಾರ. ಗದ್ದೆಯಲ್ಲಿ ಇಳಿದು ದುಡಿಯುತ್ತಿದ್ದ ಚಾಲಗೇಣಿ ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದವನು. ಹಳ್ಳಿಯ ಬಹುಪಾಲು ಜನ ಇಂಥ ಒಕ್ಕಲುಗಳು, ಕೂಲಿಯಾಳುಗಳು. ಅವರನ್ನು ಹೊರಗಿಟ್ಟು, ಆದಾಯ ತೆರಿಗೆ ಕಟ್ಟುವ ಪೇಟೆಯ ವಕೀಲನನ್ನೂ ವ್ಯಾಪಾರಿಯನ್ನೂ ಒಳಗೆ ಸೇರಿಸಿಕೊಂಡ ಪಟ್ಟಿ ಅದು. ಅದನ್ನು ‘ಗ್ರಾಮೀಣ’ ಎಂದು ಕರೆದಾಗ, ಮತವಿಲ್ಲದೆ ಬದುಕಿ ಹೋದವರಿಗೆ ಸತ್ತ ಮೇಲೆ ಸುಳ್ಳು ಮತ ಬರೆದುಕೊಟ್ಟಂತಾಗುತ್ತದೆ. ನನ್ನ ತಕರಾರು ಬರೀ ಪದದ್ದಲ್ಲ.

‘ಹಿಂದೂ’ ಎಂಬ ಅನುವಾದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಮದರಾಸು ಪರಿಷತ್ತಿನಲ್ಲಿ ಭಾರತೀಯ ಕ್ರೈಸ್ತರಿಗೆ ಬೇರೆ ಮತದಾರ ಪಟ್ಟಿ ಇತ್ತು, ಮಂಗಳೂರಿನ ಜೆ. ಎ. ಸಲ್ಡಾನ ಆ ದಾರಿಯಿಂದಲೇ ಅಲ್ಲಿಗೆ ಹೋದವರು. ಕೇಂದ್ರ ಸಭೆಯಲ್ಲಿ ಅಂಥ ಏರ್ಪಾಡು ಇರಲಿಲ್ಲವಾಗಿ ಕ್ರೈಸ್ತರು, ಜೈನರು ಎಲ್ಲರೂ ಮುಸ್ಲಿಮೇತರ ಕ್ಷೇತ್ರದಲ್ಲೇ ಸೇರಿದ್ದರು. 1930ರ ಚುನಾವಣೆಯಲ್ಲಿ ಕೆ. ಪಿ. ತಂಪಾನ್ ಗೆದ್ದಿದ್ದ ಈ ‘ಗ್ರಾಮೀಣ ಹಿಂದೂ’ ಸ್ಥಾನವನ್ನು 1934ರಲ್ಲಿ ಗೆದ್ದವರು ಸಾಮುವೆಲ್ ಆರನ್: ಕಣ್ಣೂರಿನ ಕಡೆಯ ಕ್ರೈಸ್ತರು, ಬಟ್ಟೆ ಗಿರಣಿಯ ಮಾಲೀಕರು.

ಕೇಂದ್ರ ಸಭೆಯ ಈ ಏರ್ಪಾಡನ್ನು ಬದಲಿಸಬೇಕಿದ್ದ 1935ರ ಕಾಯಿದೆಯ ಒಕ್ಕೂಟದ ಭಾಗ ಜಾರಿಗೆ ಬರಲೇ ಇಲ್ಲ. ಆದ್ದರಿಂದ ಹಳೆಯ ಕ್ಷೇತ್ರ ಹಳೆಯ ಹೆಸರಿನಲ್ಲೇ 1947ರವರೆಗೆ ಉಳಿಯಿತು. ಜಿಲ್ಲೆಯ ಚುನಾವಣಾ ಇತಿಹಾಸ ಬರೆಯುವವರಲ್ಲಿ ನನ್ನದು ಒಂದೇ ಕೋರಿಕೆ: ಆ ಹೆಸರನ್ನು ನಡಾವಳಿಯಲ್ಲಿ ಇದ್ದಂತೆಯೇ ಅಚ್ಚುಹಾಕಿ, ‘ಗ್ರಾಮೀಣ ಹಿಂದೂ ಕ್ಷೇತ್ರ’ವನ್ನು ನಿಮ್ಮ ಮುಂದಿನ ಮುದ್ರಣದಿಂದ ತೆಗೆದುಹಾಕಿ.