ಆರ್ಫಿಯಸ್ ಯಂತ್ರವೂ ನೌಕೆಯ ವೇಗವೂ

ಬೀದರಿನ ವಾಯುಸೇನಾ ನೆಲೆಯಲ್ಲಿ 1996ರಲ್ಲಿ ಸ್ಥಾಪಿತವಾದ ‘ಸೂರ್ಯಕಿರಣ’ವೆಂಬ ವಿಮಾನಸಮೂಹವು 2011ರವರೆಗೆ ಕಿರಣ್ ವಿಮಾನದ ಎರಡನೆಯ ಮಾದರಿಯಲ್ಲಿ ತನ್ನ ಹಾರಾಟಗಳನ್ನು ನಡೆಸಿತೆಂಬುದು ಆ ಸೀಮೆಯವರಿಗೆಲ್ಲ ವಿದಿತವೇ ಆಗಿದೆ. ಆ ವಿಮಾನದ ಮೊದಲನೆಯ ಮಾದರಿಯಲ್ಲಿ ವೈಪರ್ ಎಂಬ ಎಂಜಿನ್ ಇದ್ದಿತು. ಎರಡನೆಯದರಲ್ಲಿ ಅದನ್ನು ಬಿಟ್ಟು, ಬಲವತ್ತರವಾದ ಆರ್ಫಿಯಸ್ ಎಂಜಿನ್ನನ್ನು ಕೂಡಿಸಿದರು. ಇದೇ ಜಾತಿಯ ಎಂಜಿನ್ ಒಮ್ಮೆ ಒಂದು ದೋಣಿಯನ್ನೂ ಓಡಿಸಿತೆಂಬುದು, ಮತ್ತು ಆ ದೋಣಿಯ ಒಡೆಯನು ಅದರಲ್ಲಿಯೇ ಮಡಿದನೆಂಬುದು, ಇಲ್ಲಿ ಅಷ್ಟಾಗಿ ಪ್ರಚುರವಾಗಿಲ್ಲ. ಯಂತ್ರನೌಕೆಯ ಬಲವನ್ನು ಹೆಚ್ಚಿಸಲು ಮನುಷ್ಯರು ಪಟ್ಟ ಪಾಡಿನ ಕಥೆಯಲ್ಲಿ ಆ ಪ್ರಸಂಗಕ್ಕೆ ಮುಖ್ಯಸ್ಥಾನವುಂಟು. ಆದಕಾರಣ ಆ ಕಥೆಯನ್ನು ಮೊದಲಿನಿಂದಲೇ ಹೇಳುವುದು ಉಚಿತ.

ಅಮರಕೋಶದ ವಾರಿವರ್ಗದಲ್ಲಿ ಹುಟ್ಟಿಗೆ ಕ್ಷೇಪಣಿಯೆಂದೂ ಚುಕ್ಕಾಣಿಗೆ ಅರಿತ್ರವೆಂದೂ ಹೆಸರುಗಳಿವೆ. ನೌಕೆಯನ್ನು ನೂಕುವ ಯಂತ್ರಕ್ಕೆ ಹೆಸರಿಲ್ಲ. ತೋಳೂ ಗಾಳಿಯೂ ಇದ್ದ ಕಾಲದಲ್ಲಿ ಅದು ಬೇಕಾಗಿಯೂ ಇರಲಿಲ್ಲ. ಜರ್ಮನಿಯ ಗಾಟ್ಲೀಬ್ ಡೈಮ್ಲರನೂ ಅವನ ಸಹಚರನಾದ ಮೈಬಾಖನೂ 1886ರಲ್ಲಿ ನೆಕ್ಕರ್ ನದಿಯಲ್ಲಿ ಪೆಟ್ರೋಲ್ ಎಂಜಿನ್ನಿನ ದೋಣಿಯನ್ನು ಓಡಿಸಿದರು. ಅದರ ಬಲವಾದರೋ ಸುಮಾರು ಒಂದು ಅಶ್ವಶಕ್ತಿಯಷ್ಟೆ. ಎಣ್ಣೆ ಸಿಡಿದೀತೆಂದು ಜನರು ಅಂಜಿದ್ದರಿಂದ, ದೋಣಿಗೆ ತಂತಿಗಳನ್ನೂ ಪಿಂಗಾಣಿಯ ಗುಬುಟುಗಳನ್ನೂ ಕಟ್ಟಿ, ಇದು ವಿದ್ಯುತ್ತಿನ ದೋಣಿಯೆಂಬ ಭ್ರಾಂತಿಯನ್ನು ಹುಟ್ಟಿಸಿದರೆಂದು ಪ್ರತೀತಿಯಿದೆ. ಮುಂದೆ 1909ರಲ್ಲಿ ಅಮೆರಿಕೆಯ ಓಲೆ ಎವಿನ್‌ರೂಡನು ದೋಣಿಯ ಹಿಂಬದಿಗೆ ತಗುಲಿಸಬಹುದಾದ ಒಂದೂವರೆ ಅಶ್ವಶಕ್ತಿಯ ಪುಟ್ಟ ಎಂಜಿನ್ನನ್ನು ಮಾರಾಟಕ್ಕೆ ತಂದನು. ವಿಹಾರಕ್ಕೆ ಹೋಗುವವರ ಕೈಗೆ ಯಂತ್ರವು ದೊರೆತುದು ಹೀಗೆ.

ಕೈಗೆ ದೊರೆತ ಮೇಲೆ ಅದನ್ನು ಹಿಗ್ಗಿಸುವ ಆಸೆ ಹುಟ್ಟುವುದು ಸಹಜ. ಎರಡರಷ್ಟು ಬಲವಿತ್ತರೆ ಎರಡರಷ್ಟು ವೇಗ ಬಂದೀತೆಂದು ಲೋಕವು ಭಾವಿಸುತ್ತದೆ. ನೀರು ಈ ಲೆಕ್ಕವನ್ನು ಒಪ್ಪುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗವನ್ನು ಇಮ್ಮಡಿಗೊಳಿಸಬೇಕಾದರೆ ಸುಮಾರು ಎಂಟು ಮಡಿ ಬಲ ಬೇಕು. ಅಷ್ಟೇ ಅಲ್ಲ, ದೋಣಿಯು ತಾನೆಬ್ಬಿಸಿದ ಅಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ನೀರಿನ ಮಟ್ಟದಲ್ಲಿ 16 ಅಡಿ ಉದ್ದವಿರುವ ದೋಣಿಯು ಗಂಟೆಗೆ ಸುಮಾರು ಐದೂವರೆ ನಾವಿಕ ಮೈಲಿ ಓಡುವಷ್ಟರಲ್ಲಿ ಈ ಸ್ಥಿತಿಗೆ ಬರುವುದು. ಅಲ್ಲಿಂದ ಮುಂದೆ ಅದು ನೀರಿನ ಮೇಲಕ್ಕೆದ್ದು ಜಾರುವಂಥ ತಳವನ್ನು ಹೊಂದಿರಬೇಕು. ಇಲ್ಲವಾದರೆ ಎಣ್ಣೆ ವೆಚ್ಚವಾಗುವುದೇ ಹೊರತು ದಾರಿ ಸಾಗುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಫ್ರೌಡನು 1872ರ ಹೊತ್ತಿಗೇ ನೀರಿನ ತೊಟ್ಟಿಯಲ್ಲಿ ಚಿಕ್ಕ ನೌಕೆಗಳನ್ನು ಎಳೆದು ಇಂತಹ ಸಂಗತಿಗಳನ್ನು ಅಳೆಯತೊಡಗಿದ್ದನು.

ಚಾರ್ಲ್ಸ್ ಪಾರ್ಸನ್ಸನ ‘ಟರ್ಬಿನಿಯಾ’ ವಿಹಾರದ ದೋಣಿಯಲ್ಲ, ಹಬೆಯಿಂದ ಓಡುವ ನೌಕೆ; ಆದರೂ ಅದು ಕಲಿಸಿದ ಪಾಠ ಎಲ್ಲ ಯಂತ್ರದೋಣಿಗಳಿಗೂ ಸಲ್ಲುತ್ತದೆ. 1894ರಲ್ಲಿ ನೀರಿಗಿಳಿದಾಗ ಅದರ ಟರ್ಬೈನಿಗೆ ಬಲದ ಕೊರತೆಯಿರಲಿಲ್ಲ. ಆದಾಗ್ಯೂ ಅದು 20 ನಾಟ್‌ಗಳ ವೇಗವನ್ನು ಮುಟ್ಟಲಾರದೆ ಹೋಯಿತು. ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರ್ ಅತಿವೇಗದಿಂದ ಸುತ್ತುತ್ತಿದ್ದುದರಿಂದ ಅದರ ಅಲಗುಗಳ ಬೆನ್ನಿನಲ್ಲಿ ಆವಿಯ ಗುಳ್ಳೆಗಳೆದ್ದು, ಅಲಗಿಗೆ ನೀರಿನ ಹಿಡಿತವೇ ತಪ್ಪುತ್ತಿತ್ತು. ಮಳೆಗಾಲದಲ್ಲಿ ಔರಾದದ ಎರೆನೆಲದಲ್ಲಿ ಹೂತುಹೋದ ಲಾರಿಯ ಗಾಲಿಯು ಗಿರ್ರನೆ ತಿರುಗಿದರೂ ಲಾರಿ ಕದಲದಿರುವಂತೆಯೇ ಇದು. ಪಾರ್ಸನ್ಸನು ಸಣ್ಣ ತೊಟ್ಟಿಯಲ್ಲಿ ಈ ಗುಳ್ಳೆಗಳನ್ನು ಕಣ್ಣಾರೆ ಪರೀಕ್ಷಿಸಿ, ಒಂದು ದಂಡದ ಬದಲು ಮೂರು ದಂಡಗಳನ್ನೂ, ಒಂದೊಂದಕ್ಕೆ ಮೂರು ಮೂರು ಪ್ರೊಪೆಲ್ಲರುಗಳನ್ನೂ ಅಳವಡಿಸಿದನು. 1897ರ ಜೂನ್ 26ರಂದು ಸ್ಪಿಟ್‌ಹೆಡ್‌ನಲ್ಲಿ ಬ್ರಿಟಿಷ್ ನೌಕಾಬಲದ ಪ್ರದರ್ಶನವು ನಡೆದಾಗ ಟರ್ಬಿನಿಯಾ ಕರೆಯದೆ ಬಂದ ಅತಿಥಿಯಂತೆ ಯುದ್ಧನೌಕೆಗಳ ಸಾಲಿನ ನಡುವೆ ನುಗ್ಗಿತು; ಕಾವಲಿನ ದೋಣಿಗಳು ಅದನ್ನು ಹಿಡಿಯಲಾರದೆ ಹೋದುವು. ಅದರ ವೇಗ ಆಗ ಸುಮಾರು 34 ನಾಟ್‌ಗಳು.

ಆರ್ಫಿಯಸ್‌ನ ಪ್ರಸಂಗ ಇದಕ್ಕೆ ವಿಪರೀತವಾದುದು. ಇಂಗ್ಲೆಂಡಿನ ಡೊನಾಲ್ಡ್ ಕ್ಯಾಂಬೆಲ್ಲನ ‘ಬ್ಲೂಬರ್ಡ್’ ದೋಣಿಯು 1955ರಿಂದ 1964ರವರೆಗೆ ಬೆರಿಲ್ ಎಂಬ ಜೆಟ್ ಎಂಜಿನ್ನಿನಿಂದ ಏಳು ಬಾರಿ ಜಲವೇಗದ ದಾಖಲೆಯನ್ನು ಸ್ಥಾಪಿಸಿದ್ದಿತು. ಕೊನೆಯ ದಾಖಲೆ ಗಂಟೆಗೆ 276.33 ಮೈಲಿ. 300 ಮೈಲಿಯನ್ನು ಮೀರಬೇಕೆಂಬ ಹಂಬಲದಿಂದ ಅವನು 1966ರಲ್ಲಿ ಹತ್ತು ವರ್ಷಕ್ಕೂ ಹಳೆಯದಾದ ಅದೇ ಒಡಲಿನಲ್ಲಿ ಆರ್ಫಿಯಸನ್ನು ಕೂಡಿಸಿದನು. ಹೊಸ ಎಂಜಿನ್ನಿನ ಉಸಿರು ಹಳೆಯ ಗಾಳಿದ್ವಾರಗಳಿಗೆ ತಡೆಯಲಿಲ್ಲ. ಮೊದಲ ಪರೀಕ್ಷೆಗಳಲ್ಲಿಯೇ ಅವು ಕುಸಿದು, ಚೂರುಗಳು ಒಳಹೊಕ್ಕು ಎಂಜಿನ್ ಕೆಟ್ಟಿತು. ಇನ್ನೊಂದು ಎಂಜಿನ್ನನ್ನು ತಂದು ಕೂಡಿಸಿದ್ದಾಯಿತು. 1967ರ ಜನವರಿ 4ರಂದು ಕಾನಿಸ್ಟನ್ ಸರೋವರದ ಮೇಲೆ ಮೊದಲನೆಯ ಓಟದಲ್ಲಿ ಗಂಟೆಗೆ 297 ಮೈಲಿಯ ಸರಾಸರಿ ವೇಗ ಸಿದ್ಧಿಸಿತು. ದಾಖಲೆಗೆ ಎರಡು ದಿಕ್ಕಿನ ಓಟಗಳೂ ಬೇಕು. ಕ್ಯಾಂಬೆಲ್ಲನು ಇಂಧನವನ್ನೂ ತುಂಬಿಸಿಕೊಳ್ಳದೆ ಕೂಡಲೇ ಮರಳಿದನು. 300 ಮೈಲಿಯನ್ನು ದಾಟಿದ ಮೇಲೆ ದೋಣಿಯ ಮೂತಿ ಮೇಲಕ್ಕೆದ್ದು, ಅಡಿಯಲ್ಲಿ ಗಾಳಿ ಹೊಕ್ಕು, ಅದು ಹಿಂದಕ್ಕೆ ಮಗುಚಿ ನೀರಿಗೆ ಅಪ್ಪಳಿಸಿತು. ಅವನ ಶರೀರ ದೊರೆತುದು 2001ರಲ್ಲಿ. ದುರಂತದ ಕಾರಣವನ್ನು ಕುರಿತು ಹಲವು ಮತಗಳುಂಟು; ಹಿಂದಿನ ಎಂಜಿನ್ನಿನಿಂದ ಆ ಒಡಲು ಎಂದೂ ಆ ವೇಗವನ್ನು ಕಂಡಿರಲಿಲ್ಲವೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಇತ್ತ ಬೆಂಗಳೂರಿನಲ್ಲಿ ಕುರ್ಟ್ ಟ್ಯಾಂಕನು ರಚಿಸಿ 1961ರಲ್ಲಿ ಹಾರಿದ ಮಾರುತ್ ವಿಮಾನದಲ್ಲಿ ಎರಡು ಆರ್ಫಿಯಸ್‌ಗಳಿದ್ದರೂ ಅದರ ಒಡಲಿಗೆ ಬಲವು ಸಾಲದಾಯಿತು. ಒಂದೇ ಯಂತ್ರ ಒಂದು ಕಡೆ ಮಿತಿಮೀರಿತು, ಇನ್ನೊಂದು ಕಡೆ ಕೊರತೆಯಾಯಿತು.

ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಂತಹ ನೀರಿನಲ್ಲಿ ವಿಹಾರದೋಣಿಯನ್ನು ಓಡಿಸಬಯಸುವವರಿಗೆ ಇನ್ನೊಂದು ಸಂಗತಿಯೂ ಗಣನೀಯ. ಆ ಪ್ರದೇಶ ಸಮುದ್ರಮಟ್ಟಕ್ಕಿಂತ ಸುಮಾರು 2,000 ಅಡಿ ಎತ್ತರದ್ದು. ಅಲ್ಲಿಯ ಗಾಳಿ ನೂರಕ್ಕೆ ಸುಮಾರು ಆರು ಪಾಲಿನಷ್ಟು ತೆಳು. ಸಾಮಾನ್ಯ ಎಂಜಿನ್ನಿನ ಬಲವೂ ಹೆಚ್ಚುಕಡಮೆ ಅಷ್ಟೇ ಕುಗ್ಗುವುದು. ಬೇಸಗೆಯ ಕಾವಿನಲ್ಲಿ ಇನ್ನೂ ಕುಗ್ಗುವುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು 1905ರಲ್ಲಿ ಹಕ್ಕುಪತ್ರ ಪಡೆದ ಉಪಾಯದಂತೆ, ಎಂಜಿನ್ ಉಗುಳುವ ಹೊಗೆಯಿಂದಲೇ ಚಕ್ರವನ್ನು ತಿರುಗಿಸಿ ಒಳಗೆ ಗಾಳಿಯನ್ನು ಒತ್ತುವ ಟರ್ಬೋ ಯಂತ್ರವು ಈ ನಷ್ಟವನ್ನು ತುಂಬಬಲ್ಲುದು. ಆದರೆ ಚಿಕ್ಕ ದೋಣಿಗೆ ಅಷ್ಟರ ಅಗತ್ಯವಿಲ್ಲ. ಬಲ ಕುಗ್ಗಿದ ಎಂಜಿನ್ ಹಳೆಯ ಪ್ರೊಪೆಲ್ಲರನ್ನು ತನಗೆ ವಿಹಿತವಾದ ಸುತ್ತುಗಳಷ್ಟು ತಿರುಗಿಸಲಾರದೆ ಏದುತ್ತದೆ. ಅದನ್ನು ಕಂಡು ಒಡೆಯನು ದೊಡ್ಡ ಎಂಜಿನ್ನನ್ನು ತಂದರೆ, ಹಿಂಬದಿಯ ಭಾರ ಹೆಚ್ಚಿ ದೋಣಿಯ ಮೂತಿ ಮೇಲಕ್ಕೇಳುವುದು. ಹಾಗೆ ಮಾಡದೆ, ಮೊದಲು ತಳಕ್ಕಂಟಿದ ಪಾಚಿಯನ್ನು ಕೆರೆದು, ಒಳಗೆ ನಿಂತ ನೀರನ್ನು ಚೆಲ್ಲಿ, ಬಳಿಕ ಒಂದು ಸುತ್ತಿಗೆ ಒಂದೆರಡು ಅಂಗುಲ ಕಡಮೆ ಮುಂದುವರಿಯುವ ಪ್ರೊಪೆಲ್ಲರನ್ನು ಹಾಕಬೇಕು. ಒಂದು ಅಂಗುಲ ತಗ್ಗಿಸಿದರೆ ಎಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತುಗಳಷ್ಟು ಹೆಚ್ಚಾಗಿ ತಿರುಗುವುದು.